ಎಡಗಡೆಯ ಸ್ಪೀಕರು

ಹೋದ ವರ್ಷ ಅಕ್ಟೋಬರ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಎಂಟೂಕಾಲು ಗಂಟೆಗೆ, ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಎಡಗಡೆಯ ಸ್ಪೀಕರು ಕಡಿಮೆ ಕೇಳಿಸಿತು. ಬಲಗಡೆಯದು ಸರಿಯಾಗಿ ಕೇಳಿಸಿತು.

ನಾನು ಮೂವತ್ತೊಂದು ವರ್ಷ ಜಿಲ್ಲಾ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೂತು ಬೇರೆಯವರ ವರದಿ ತಿದ್ದಿದವನು. ಈ ಎರಡು ಸಾಲನ್ನು ಯಾರಾದರೂ ಬರೆದು ತಂದಿದ್ದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಯಾರಿಗೆ?’ ಎಂದು ಬರೆದು ವಾಪಸು ಕೊಡುತ್ತಿದ್ದೆ. ವರದಿ ನನ್ನದೇ ಆದದ್ದರಿಂದ ಆ ಪ್ರಶ್ನೆ ಕೇಳಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಮೂರು ಜೋಡಿ ಸ್ಪೀಕರು ಮನೆಗೆ ಬಂದವು.

ಮೊದಲು ಆ ಯಂತ್ರದ ವಿಷಯ ಹೇಳಿಬಿಡುತ್ತೇನೆ. ಅದು ಹಳೆಯ ಕಾಲದ ಆಂಪ್ಲಿಫಯರು. ಎರಡು ಪಕ್ಕದಲ್ಲಿ ಮರದ ಹಲಗೆ, ಎದುರಿಗೆ ಬೆಳ್ಳಿಬಣ್ಣದ ತಗಡು, ಅದರ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಗುಂಡಿ, ಸದ್ದಿನ ಜೊತೆ ಕುಣಿಯುವ ಎರಡು ಮುಳ್ಳು. ನನ್ನ ಹೆಂಡತಿ ಗಿರಿಜಳ ಅಣ್ಣ ಹಡಗಿನ ಕೆಲಸದಲ್ಲಿದ್ದರು. ನಮ್ಮ ಮದುವೆಯಾದ ಹೊಸತರಲ್ಲಿ ರೆಕಾರ್ಡ್ ಪ್ಲೇಯರಿನ ಜೊತೆಗೆ ಅದನ್ನು ತಂದುಕೊಟ್ಟರು. ಅದರ ಸ್ವಂತ ಸ್ಪೀಕರುಗಳನ್ನು ಒಂದು ವರ್ಷ ಬೀದಿಯ ಗಣಪತಿಗೆ ಕೊಟ್ಟೆವು. ಹುಡುಗರು ಮೂರು ದಿನ ಗುಂಡಿಯನ್ನು ಕೊನೆಗೆ ತಿರುಗಿಸಿ ಇಟ್ಟರು. ಗಣಪತಿ ನೀರಿಗೆ ಹೋಯಿತು, ಸ್ಪೀಕರುಗಳು ಗುಜರಿಗೆ ಹೋದವು. ಆಂಪ್ಲಿಫಯರು ಹಳೆಯ ಬೆಡ್‌ಶೀಟು ಹೊದ್ದು ಅಟ್ಟ ಸೇರಿತು. ನಿವೃತ್ತಿಯಾದ ಮೇಲೆ, ಮಾಡಲು ಕೆಲಸವಿಲ್ಲದವರು ಎಲ್ಲರೂ ಮಾಡುವ ಹಾಗೆ, ಅಟ್ಟ ಹತ್ತಿದೆ.

ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊಳೆನರಸೀಪುರಕ್ಕೆ ಹೋದೆ. ಅದು ನನ್ನ ಊರು. ಅಲ್ಲಿ ನನ್ನ ಜೊತೆ ಪ್ರೈಮರಿ ಓದಿದ ಪುಟ್ಟರಾಜು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈಗ ಅಲ್ಲಿ ರೇಡಿಯೊಗಿಂತ ಮಿಕ್ಸಿಗಳೇ ಹೆಚ್ಚು. ಅವನು ಮುಚ್ಚಳ ಬಿಚ್ಚಿ ಒಳಗೆ ಊದಿದ. ಮೂವತ್ತು ವರ್ಷದ ಧೂಳು ನನ್ನ ಮುಖಕ್ಕೆ ಬಂತು.

“ಸತ್ತಿಲ್ಲ ಕಣ್ಲಾ ಇದು, ಮಲಗೈತೆ ಅಷ್ಟೆ. ಎಬ್ಬುಸ್ತೀನಿ ಬುಡು. ಸ್ಪೀಕರ್ ಎಲ್ಲಿ?”

“ಇಲ್ಲ. ಆರಿಸಬೇಕು.”

“ಎಂಟು ಓಮ್ಸಿಂದೇ ಆಕ್ಬೇಕು. ಕಾರಿಂದು ಗೀರಿಂದು ತಂದ್ ಸಿಕ್ಕುಸ್ಬುಟ್ಟೀಯಾ, ಸುಟ್ಟೋಯ್ತದೆ. ನಂತಾವೇ ಒಂದ್ ಜೊತೆ ಐತೆ, ತಕ್ಕಂಡೋಗು.”

ಅವನು ಅಟ್ಟದಿಂದ ಎರಡು ಮರದ ಪೆಟ್ಟಿಗೆ ಇಳಿಸಿದ. ಟಾರ್ಚಿನ ಸೆಲ್ಲೊಂದಕ್ಕೆ ಎರಡು ತಂತಿ ಹಿಡಿದು ಸ್ಪೀಕರಿನ ಹಿಂಭಾಗಕ್ಕೆ ಮುಟ್ಟಿಸಿದ. ‘ಟಪ್’ ಎಂದು ಒಳಗಿನ ಕಾಗದದ ಕೋನು ಮುಂದಕ್ಕೆ ಬಂತು. ಇನ್ನೊಂದಕ್ಕೂ ಮುಟ್ಟಿಸಿದ. ‘ಟಪ್.’ ಎರಡೂ ಒಂದೇ ಕಡೆಗೆ ತಳ್ಳಬೇಕು, ಒಂದು ಮುಂದೆ ಒಂದು ಹಿಂದೆ ಹೋದರೆ ಹಾಡು ತೆಳ್ಳಗಾಗುತ್ತದೆ ಎಂದು ವಿವರಿಸಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದು ಚಟ. ಅಂದು ಬರೆದ ಸಾಲು ಈಗಲೂ ಇದೆ: ‘ಎರಡೂ ಸಮ. ಪುಟ್ಟರಾಜು ಹೇಳಿದ್ದು.’

ಭಾನುವಾರ ಜೋಡಿಸಿ ರೆಕಾರ್ಡು ಹಾಕಿದೆ. ಅದೊಂದು ಪಿಟೀಲು ಕಛೇರಿ. ಹಳೆಯ ಸ್ಟೀರಿಯೊ ರೆಕಾರ್ಡುಗಳಲ್ಲಿ ವಾದ್ಯಗಳನ್ನು ಮನೆ ಪಾಲು ಮಾಡಿದ ಹಾಗೆ ಹಂಚಿರುತ್ತಾರೆ. ಪಿಟೀಲು ಬಲಗಡೆಗೆ, ಮೃದಂಗ ಎಡಗಡೆಗೆ. ಬಲಗಡೆ ಪಿಟೀಲಿನವರು ನನ್ನ ಮೊಣಕೈ ಪಕ್ಕದಲ್ಲೇ ಕೂತಿದ್ದರು. ಮೃದಂಗದವರು ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದರು.

ಸುದ್ದಿಮನೆಯ ಕ್ರಮದಲ್ಲೇ ವಿಚಾರಣೆ ನಡೆಸಿದೆ. ಎಡದ ತಂತಿ ಬಲಕ್ಕೆ, ಬಲದ ತಂತಿ ಎಡಕ್ಕೆ ಹಾಕಿದೆ. ಈಗ ಮೃದಂಗದವರು ಮೊಣಕೈ ಪಕ್ಕಕ್ಕೆ ಬಂದರು, ಪಿಟೀಲಿನವರು ಪಕ್ಕದ ಮನೆಗೆ ಹೋದರು. ಅಲ್ಲಿಗೆ ರೆಕಾರ್ಡೂ ಆಂಪ್ಲಿಫಯರೂ ನಿರಪರಾಧಿಗಳಾದವು. ಆರೋಪಿಗಳು ಇಬ್ಬರೇ ಉಳಿದರು: ಎಡಗಡೆಯ ಸ್ಪೀಕರು ಮತ್ತು ನನ್ನ ಎಡಗಿವಿ. ನಾನು ಸ್ಪೀಕರನ್ನು ಬಂಧಿಸಿದೆ.

ಪುಟ್ಟರಾಜುವಿಗೆ ಫೋನು ಮಾಡಿದೆ. ಬಲಗಿವಿಗೆ ಹಿಡಿದುಕೊಂಡೇ ಮಾಡಿದೆ, ಯಾವಾಗಿನಿಂದ ಬಲಗಿವಿಗೆ ಹಿಡಿಯುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ.

“ಎಡಗಡೇದು ಡಲ್ಲಾ? ಇಲ್ವಲ್ಲಾ, ನಾನೇ ನೋಡಿವ್ನಲ್ಲ. ಒಂದ್ ಕೆಲ್ಸ ಮಾಡು. ಕುರ್ಚಿ ಹಿಂದ್‌ಮುಂದ್ ಮಾಡ್ಕಂಡ್ ಕೂತ್ಕೊ. ಸ್ಪೀಕರ್‌ಗೆ ಬೆನ್ ಮಾಡ್ಕಂಡ್ ಕೇಳು. ಆಗ ಎಡಗಡೇದು ನಿನ್ ಬಲಗಿವಿಗ್ ಬತ್ತದೆ. ಅಲ್ಲೂ ಡಲ್ ಕೇಳುದ್ರೆ ಸ್ಪೀಕರ್ದು ತಪ್ಪು. ಜೋರಾಗ್ ಕೇಳುದ್ರೆ ನಿಂದು. ಎಲ್ಡ್ ನಿಮಿಷದ್ ಕೆಲ್ಸ ಕಣ್ಲಾ.”

“ಕುರ್ಚಿ ಭಾರ ಇದೆ, ಆಮೇಲೆ ಮಾಡ್ತೀನಿ” ಎಂದೆ.

ಅದು ಬೆತ್ತದ ಕುರ್ಚಿ. ಗಿರಿಜ ಕಸ ಗುಡಿಸುವಾಗ ಒಂದು ಕೈಯಲ್ಲಿ ಎತ್ತಿ ಆಚೆ ಇಡುತ್ತಾಳೆ.

ಇಷ್ಟಕ್ಕೆಲ್ಲ ಇವನು ಯಾಕೆ ಹೆದರಬೇಕು, ಅರವತ್ಮೂರು ವರ್ಷಕ್ಕೆ ಒಂದು ಕಿವಿ ಸ್ವಲ್ಪ ಮಂದವಾದರೆ ಏನು ಮಹಾ ಎಂದು ನೀವು ಕೇಳಬಹುದು. ಅದಕ್ಕೆ ನಾನು ಹೊಳೆನರಸೀಪುರದ ಪೇಟೆ ಬೀದಿಗೆ ಹೋಗಬೇಕು.

ಅಲ್ಲಿ ಅಪ್ಪಾಜಿಯ ಬಟ್ಟೆ ಅಂಗಡಿ ಇತ್ತು. ಬಿಳಿಯ ಹಾಸಿನ ಮೇಲೆ ಅವರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಮೀಟರ್ ಕೋಲು. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಈಗಲೂ ಯಾವುದಾದರೂ ಅಂಗಡಿಯಲ್ಲಿ ಮೂಗಿಗೆ ಬಡಿದರೆ ನನಗೆ ಅರೆಕ್ಷಣ ಹನ್ನೊಂದು ವರ್ಷವಾಗುತ್ತದೆ. ಐವತ್ತು ದಾಟುವ ಮೊದಲೇ ಅವರ ಎರಡೂ ಕಿವಿ ಮಂದವಾದವು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಕಿವಿ ಕೇಳದ ವ್ಯಾಪಾರಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ ಎಂದು ನಂಬಿದ್ದರು. ಬದಲಿಗೆ ಒಂದು ಉಪಾಯ ಕಂಡುಕೊಂಡಿದ್ದರು. ಯಾರು ಏನು ಹೇಳಿದರೂ ನಗುತ್ತಿದ್ದರು. ನಕ್ಕು, ತಲೆಯಾಡಿಸಿ, “ಆಗ್ಲಿ, ಆಗ್ಲಿ” ಎನ್ನುತ್ತಿದ್ದರು. ಬಟ್ಟೆ ವ್ಯಾಪಾರದಲ್ಲಿ ಕೈ ತೋರಿಸಿ ಕೆಲಸ ನಡೆಯುತ್ತದೆ. ಗಿರಾಕಿ ಬೆರಳು ತೋರಿಸಿದ ಥಾನು ಇಳಿಸುವುದು, ಬೆರಳೆಣಿಸಿದಷ್ಟು ಮೀಟರು ಹರಿಯುವುದು. ಊರಿನಲ್ಲಿ ಅವರಿಗೆ ಬಹಳ ನಗುಮುಖದ ಸಾಹುಕಾರರು ಎಂದು ಹೆಸರಿತ್ತು.

ಶಾಲೆ ಬಿಟ್ಟ ಮೇಲೆ ಅಮ್ಮ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು. ಗಿರಾಕಿ ಹೇಳಿದ್ದನ್ನು ಅಪ್ಪಾಜಿಯ ಕಿವಿಯ ಹತ್ತಿರ ಇನ್ನೊಂದು ಸಲ ಹೇಳುವುದು ನನ್ನ ಕೆಲಸ. ಹೇಳಿದರೆ ಬೈಯುತ್ತಿದ್ದರು: “ಕೂಗ್ಬೇಡ, ನಂಗ್ ಕೇಳ್ಸುತ್ತೆ.” ಹಾಗಾಗಿ ಹೇಳುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ಕತ್ತರಿಸಿದ ಚೂರುಬಟ್ಟೆ ಮಡಿಸುತ್ತಿದ್ದೆ.

ಒಂದು ಮಧ್ಯಾಹ್ನ ನದಿಯಾಚೆಯ ಹಳ್ಳಿಯ ರೈತರೊಬ್ಬರು ಬಂದರು. ವರ್ಷಗಳಿಂದ ನಮ್ಮ ಅಂಗಡಿಗೇ ಬರುತ್ತಿದ್ದವರು. ಬಿಳಿ ಬಟ್ಟೆ ಬೇಕು ಎಂದು ಥಾನಿನ ಕಡೆ ಕೈ ತೋರಿಸಿದರು. ಆಮೇಲೆ ಹಾಸಿನ ಅಂಚಿನಲ್ಲಿ ಕೂತು, ಎರಡನೇ ಮಗ ಬೆಳಿಗ್ಗೆ ತೀರಿಕೊಂಡ ಎಂದು ಹೇಳಿದರು. ಜ್ವರ ಬಂದು ನಾಲ್ಕೇ ದಿನ ಎಂದರು. ಅಪ್ಪಾಜಿ ಅವರ ಮುಖ ನೋಡಿ ನಕ್ಕರು. ತಲೆಯಾಡಿಸಿ “ಆಗ್ಲಿ, ಆಗ್ಲಿ” ಎಂದರು. ಬಟ್ಟೆ ಅಳೆದು ಹರಿಯುವಾಗಲೂ ನಗುತ್ತಲೇ ಇದ್ದರು. ಆ ಮನುಷ್ಯ ಬಟ್ಟೆ ತೆಗೆದುಕೊಂಡು, ಹೋಗುವ ಮೊದಲು ಒಂದು ಸಲ ನನ್ನನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ. ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಯಾಕೆ ಬರುವುದಿಲ್ಲ ಎಂದು ಅಪ್ಪಾಜಿ ಎಷ್ಟೋ ಸಲ ಕೇಳಿದರು. ನಾನು ಹೇಳಲಿಲ್ಲ, ಅವರು ಸಾಯುವವರೆಗೂ ಹೇಳಲಿಲ್ಲ.

ಆದ್ದರಿಂದ ನನ್ನ ಭಯ ಆ ನಗುವಿನದು. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತೇನೆ. ಮುಖ ಅವರದೇ.

ಮತ್ತೆ ಸ್ಪೀಕರಿಗೆ ಬರೋಣ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಸಣ್ಣ ಸಣ್ಣ ಸಾಕ್ಷ್ಯಗಳು ಬರತೊಡಗಿದ್ದವು, ನಾನು ಒಂದೊಂದಕ್ಕೂ ಸ್ಪಷ್ಟೀಕರಣ ಪ್ರಕಟಿಸುತ್ತಿದ್ದೆ. ಎಡಗಡೆಯಿಂದ ಬರುವ ಆಟೋ ಒಮ್ಮೆಲೇ ಪಕ್ಕದಲ್ಲಿ ಕಾಣಿಸುತ್ತಿತ್ತು: ಆಟೋದವರು ಹಾರನ್ ಮಾಡುವುದನ್ನು ಬಿಟ್ಟಿದ್ದಾರೆ. ಊಟವಾದ ಮೇಲೆ ಬಲಮಗ್ಗುಲಾಗಿ, ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಇಡೀ ಬೀದಿ ಸುಮ್ಮನಾಗುತ್ತಿತ್ತು: ಹಾಸನ ಈಚೆಗೆ ಶಾಂತವಾಗಿದೆ. ಒಂದು ದಿನ ಗಿರಿಜ ಕುಕ್ಕರು ಒಲೆಯ ಮೇಲಿಟ್ಟು ಪಕ್ಕದ ಮನೆಗೆ ಹೋಗುವಾಗ, ನಾಲ್ಕು ಸೀಟಿ ಆದಮೇಲೆ ಆರಿಸಿ ಎಂದಳು. ನಾನು ಮಲಗಿಕೊಂಡೇ ಎಣಿಸುತ್ತಿದ್ದೆ. ಎರಡಾಗಿತ್ತು. ಅವಳು ವಾಪಸು ಬಂದಾಗ ಬೇಳೆ ತಳ ಹಿಡಿದಿತ್ತು.

“ಎಷ್ಟು ಸೀಟಿ ಆಯ್ತು ರೀ?”

“ಎರಡು. ಕುಕ್ಕರು ಹಳೇದಾಯ್ತು ಕಣೆ, ಸರಿಯಾಗಿ ಕೂಗಲ್ಲ.”

ಅವಳು ಪಾತ್ರೆ ನೆನೆಸಿಟ್ಟಳು.

ನವೆಂಬರಿನಲ್ಲಿ ಚನ್ನರಾಯಪಟ್ಟಣದ ಜೋಡಿಯ ಸುಳಿವು ಸಿಕ್ಕಿತು. ತೆಂಗಿನಕಾಯಿ ಮಂಡಿಯ ಮನೆಯೊಂದರಲ್ಲಿ ಒಳ್ಳೆಯ ಹಳೆಯ ಸ್ಪೀಕರುಗಳಿವೆ, ಮನೆಯವರಿಗೆ ಬೇಡವಾಗಿದೆ ಎಂದು ಪರಿಚಯದ ವರದಿಗಾರನೊಬ್ಬ ಹೇಳಿದ. ಹೋದೆ. ಮನೆಯ ಒಡತಿ ಸಾವಿತ್ರಮ್ಮ, ನನ್ನ ವಯಸ್ಸಿನವರು, ಬಾಗಿಲಲ್ಲೇ ನಿಂತು ಕೇಳಿದರು:

“ಸ್ಪೀಕರ್ ನೋಡಕ್ಕೆ ಬಂದೋರಾ? ಬನ್ನಿ ಅಣ್ಣ. ಮೇಲೆ ಫ್ರಿಜ್ಜಿನ ಸ್ಟೆಬಿಲೈಜರ್ ಇಟ್ಟಿವ್ನಿ, ತಗೀತೀನಿ ತಡೀರಿ.”

ಸ್ಪೀಕರುಗಳು ಒಂದರ ಮೇಲೊಂದು ನಿಂತಿದ್ದವು. ಯಜಮಾನರು ಇದ್ದಾಗ ದೂರ ದೂರ ಇಟ್ಟಿದ್ದರಂತೆ. ಆಮೇಲೆ ಎಡಗಡೆಯ ಗೋಡೆಗೆ ದೇವರ ಮಂಟಪ ಬಂತು, ಎರಡೂ ಬಲಗಡೆಯ ಮೂಲೆಗೆ ಬಂದವು. ಅವರ ಟಿವಿಯ ಜೊತೆಗಿದ್ದ ಪುಟ್ಟ ಆಂಪ್ಲಿಫಯರಿಗೆ ನನ್ನ ಫೋನನ್ನು ಸಿಕ್ಕಿಸಿದೆ. ಅದೇ ಕಛೇರಿಯನ್ನು ಫೋನಿಗೆ ಇಳಿಸಿಕೊಂಡಿದ್ದೆ. ಹಾಕಿದೆ. ಮೃದಂಗವೂ ಪಿಟೀಲೂ ಒಂದೇ ಸಮನೆ, ಒಂದೇ ಬಲದಲ್ಲಿ ಬಂದವು. ನನಗೆ ಆದ ಸಂತೋಷಕ್ಕೆ ಸಾವಿತ್ರಮ್ಮ ಗಾಬರಿಯಾದರು.

“ಎರಡೂ ಸಮ ಇದೆ ನೋಡಿ! ಎರಡೂ ಸಮ!”

“ಇರ್ದೆ ಏನಣ್ಣ, ಜೊತೇಲಿ ತಂದಿದ್ದಲ್ವಾ?” ಎಂದು ಕಾಫಿ ಕೊಟ್ಟರು.

ಒಂದರ ಮೇಲೊಂದು ನಿಂತ ಎರಡು ಸ್ಪೀಕರನ್ನು ಬಲಗಡೆಯಿಂದ ಕೇಳಿದವನಿಗೆ ಎರಡೂ ಸಮವಾಗಿ ಕೇಳಿಸದೆ ಇನ್ನೇನಾಗುತ್ತದೆ? ಈ ಪ್ರಶ್ನೆ ಹಾಸನ ತಲುಪಿ, ಎಡಕ್ಕೊಂದು ಬಲಕ್ಕೊಂದು ಇಟ್ಟು, ಮೃದಂಗದವರು ಮತ್ತೆ ಪಕ್ಕದ ಮನೆಗೆ ಹೋದಮೇಲೆ ಹೊಳೆಯಿತು. ಹೊಳೆದದ್ದನ್ನು ಹಾಗೇ ಬಿಡದೆ ಸ್ಪೀಕರಿನ ಮುಂದಿನ ಬಟ್ಟೆ ತೆಗೆದು ನೋಡಿದೆ. ಕೋನಿನ ಸುತ್ತ ಇದ್ದ ಸ್ಪಂಜಿನ ಅಂಚು ಹಳೆಯ ರೊಟ್ಟಿಯ ಹಾಗೆ ಉದುರುತ್ತಿತ್ತು. ಇದೇ ಕಾರಣ! ಆ ದಿನ ಎರಡು ಲೋಟ ಕಾಫಿ ಕುಡಿದೆ. ಬಲಗಡೆಯ ಸ್ಪೀಕರಿನ ಅಂಚೂ ಅಷ್ಟೇ ಉದುರಿತ್ತು ಎಂಬ ಅಂಶವನ್ನು ಸ್ಥಳಾಭಾವದಿಂದ ಕೈಬಿಟ್ಟೆ.

ಎರಡು ಮೂಲಗಳಿಂದ ಖಚಿತವಾಗದ ಸುದ್ದಿಯನ್ನು ಅಚ್ಚಿಗೆ ಕಳಿಸಬಾರದು ಎಂದು ಹೊಸಬರಿಗೆ ಹೇಳುತ್ತಿದ್ದವನು ನಾನೇ. ಆದ್ದರಿಂದ ಎರಡನೇ ಮೂಲವಾಗಿ ಗಿರಿಜಳನ್ನು ಕರೆದೆ. ಅವಳು ಕೈಯಲ್ಲಿ ಅವರೆಕಾಯಿ ಬುಟ್ಟಿ ಹಿಡಿದು ಬಂದು ನಿಂತಳು.

“ಎಡಗಡೇದು ಕಡಿಮೆ ಕೇಳ್ತಾ ಇದೆ, ಅಲ್ವಾ?”

ಅವಳು ನನ್ನ ಮುಖ ನೋಡಿದಳು. “ಹೂಂ” ಎಂದಳು.

ನೋಟ್‌ಬುಕ್ಕಿನಲ್ಲಿ ಬರೆದೆ: ‘ಗಿರಿಜ ದೃಢಪಡಿಸಿದಳು.’ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದ ಹುಡುಗರನ್ನು ನಾನು ಎಲ್ಲರೆದುರು ನಿಲ್ಲಿಸಿ ಬೈದದ್ದುಂಟು.

ಈ ಮಧ್ಯೆ ಇನ್ನೊಂದು ವಿಚಿತ್ರ ಶುರುವಾಯಿತು. ಆಂಪ್ಲಿಫಯರಿನಲ್ಲಿ ಬ್ಯಾಲೆನ್ಸ್ ಎಂದು ಒಂದು ಗುಂಡಿ ಇರುತ್ತದೆ. ನಡುವೆ ಇದ್ದರೆ ಎರಡೂ ಕಡೆ ಸಮ, ಎಡಕ್ಕೆ ತಿರುಗಿಸಿದರೆ ಎಡಗಡೆಗೆ ಸದ್ದು ಹೆಚ್ಚು. ನಾನು ದಿನವೂ ಎಡಕ್ಕೆ ತಿರುಗಿಸಿ ಕೇಳುತ್ತಿದ್ದೆ. ಮರುದಿನ ನೋಡಿದರೆ ಗುಂಡಿ ನಡುವಿಗೆ ಬಂದಿರುತ್ತಿತ್ತು. ಒಳಗೆ ಏನೋ ಸಡಿಲವಾಗಿದೆ ಎಂದು ಪುಟ್ಟರಾಜುವಿಗೆ ಫೋನು ಮಾಡಿದೆ.

“ಗುಂಡಿ ತಾನಾಗ್ ತಾನೇ ತಿರುಗ್ತದಾ? ದೆವ್ವ ಏನಾರ ಸೇರ್ಕಂಡೈತಾ? ಮನೇಲಿ ಇನ್ಯಾರವ್ರೆ?”

“ಗಿರಿಜ ಇದ್ದಾಳೆ.”

“ಅವ್ರನ್ನ ಕೇಳ್ಲಾ ಮತ್ತೆ! ನನ್ನೇನ್ ಕೇಳೀಯಾ?”

ಕೇಳಲಿಲ್ಲ. ಜನವರಿಯ ಮೂರನೇ ವಾರ ಅರಕಲಗೂಡಿಗೆ ಹೋದೆ.

ಅಲ್ಲಿ ಸ್ವಾಮಿಗೌಡರು ಎಂಬವರು ಮದುವೆ, ನಾಟಕ, ಆರ್ಕೆಸ್ಟ್ರಾಗಳಿಗೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಾರೆ. ಜೊತೆಗೆ ತಂಬಾಕು, ಶುಂಠಿ ಬೆಳೆಯುತ್ತಾರೆ. ಊರಾಚೆಯ ಅವರ ಮನೆಯ ಪಕ್ಕದ ಕೋಣೆಯಲ್ಲಿ ಒಂದು ಕಡೆ ಶುಂಠಿ ಮೂಟೆ, ಇನ್ನೊಂದು ಕಡೆ ಮೈಕಿನ ಹಾರನ್ನುಗಳು, ನಡುವೆ ಹಾವಿನ ಹಾಗೆ ಸುತ್ತಿಟ್ಟ ವೈರು. ಕೋಣೆಯ ಬಾಗಿಲಿಗೆ ಸುಣ್ಣದಲ್ಲಿ ಬರೆದ ಹಲಗೆ ತೂಗುತ್ತಿತ್ತು: ‘ಕಿವಿ ಮಂದ. ಎದುರು ನಿಂತು ಮಾತಾಡಿ.’

ಆ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ತಿದ್ದಲು ಏನೂ ಇರಲಿಲ್ಲ.

ಸ್ವಾಮಿಗೌಡರು ಒಳಗಿನಿಂದಲೇ ಕೂಗಿದರು. “ಬನ್ನಿ ಸಾ! ಜೋರಾಗ್ ಏಳ್ಬೇಕು ಮತ್ತೆ. ಬಲಗಡೆ ಕಿವಿ ಪೂರಾ ಓಗೈತೆ, ಎಡಗಡೇದು ಅರ್ಧ ಐತೆ. ಮೂವತ್ತೊರ್ಸ ಹಾರನ್ ಪಕ್ದಾಗೇ ನಿಂತಿವ್ನಲ್ಲ, ಓಗ್ದೆ ಇನ್ನೇನಾದದು?”

“ಕಷ್ಟ ಆಗಲ್ವಾ ಗೌಡ್ರೇ?” ಎಂದು ಜೋರಾಗಿ ಕೇಳಿದೆ.

“ಏನ್ ಕಷ್ಟ ಸಾ? ನಮ್ಮೆಂಗ್ಸು ಲೈಟ್ ಆರ್ಸಿ ಅಚ್ಚುದ್ರೆ ಊಟಕ್ಕೆ ಕರೀತಾವ್ಳೆ ಅಂತ. ಎಲ್ಡ್ ಸತಿ ಆರ್ಸುದ್ರೆ ಕ್ವಾಪ ಬಂದೈತೆ ಅಂತ. ಬೈದಿದ್ದು ಕೇಳಾಕಿಲ್ಲ, ಅದೊಂದ್ ಲಾಭ.” ಎಂದು ನಕ್ಕರು. ಅವರು ನಕ್ಕದ್ದು ತಮ್ಮ ಮಾತಿಗೇ.

ಹಿಂದೆ ವಿಡಿಯೊ ತೋರಿಸುತ್ತಿದ್ದ ಕಾಲದಲ್ಲಿ ಅವರು ತಂದಿದ್ದ ಒಂದು ಜೋಡಿ ಮರದ ಸ್ಪೀಕರು ಮೂಲೆಯಲ್ಲಿತ್ತು. ಅಂಚಿಗೆ ಸ್ಪಂಜಿಲ್ಲ, ಬಟ್ಟೆಯ ಮಡಿಕೆ. ಉದುರುವ ಪ್ರಶ್ನೆಯೇ ಇಲ್ಲ. ಎಂಟು ಓಮ್ಸ್ ಎಂದು ಹಿಂದೆ ಅಚ್ಚಾಗಿತ್ತು. ಅವರ ಯಂತ್ರಕ್ಕೆ ಫೋನು ಸಿಕ್ಕಿಸಿ ಕಛೇರಿ ಹಾಕಿದೆ. ಸ್ವಾಮಿಗೌಡರು ಎರಡು ಪೆಟ್ಟಿಗೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಎರಡು ಅಂಗೈಯನ್ನೂ ಎರಡು ಪೆಟ್ಟಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸಿದರು.

“ಈಗ ನೀವ್ ಮಡುಗಿ ಸಾ ಕೈಯ್ಯ. ಕಿವಿ ಸುಳ್ಳೇಳ್ತದೆ. ಅಂಗೈ ಏಳಾಕಿಲ್ಲ.”

ಅವರಂತೆಯೇ ಕೂತು ಕೈಯಿಟ್ಟೆ. ಬಲಗೈಗೆ ಪಿಟೀಲು ಸಣ್ಣಗೆ ಜುಮುಗುಟ್ಟುತ್ತಿತ್ತು. ಎಡಗೈಗೆ ಮೃದಂಗದ ಒಂದೊಂದು ಪೆಟ್ಟೂ ಯಾರೋ ಒಳಗಿನಿಂದ ಬಾಗಿಲು ತಟ್ಟಿದ ಹಾಗೆ ಬಡಿಯಿತು. ಎಡಗಿವಿಗೆ ಅದು ಪಕ್ಕದ ಮನೆಯಲ್ಲೇ ಇತ್ತು.

“ಬಹಳ ಚೆನ್ನಾಗಿದೆ ಗೌಡ್ರೇ, ಇದೇ ಇರಲಿ” ಎಂದು ಬೇಗ ಎದ್ದೆ.

ಅವರು ಸ್ಪೀಕರುಗಳನ್ನು ಕಾರಿಗಿಟ್ಟು, ಬಾಗಿಲು ಹಾಕುವ ಮೊದಲು ಎದುರಿಗೆ ಬಂದು ನಿಂತರು. ಸ್ವರ ಇಳಿಸಲು ಪ್ರಯತ್ನಿಸಿದರು, ಆದರೂ ಪಕ್ಕದ ಹೊಲದವರೆಗೆ ಕೇಳುವಷ್ಟಿತ್ತು.

“ಸಾ, ತಪ್ ತಿಳ್ಕಬ್ಯಾಡಿ. ಬಂದಾಗಿಂದ ನೋಡ್ತಾವ್ನಿ, ನಾನ್ ಮಾತಾಡ್ದಾಗೆಲ್ಲ ನೀವು ಬಲಕಿವಿನೇ ನನ್ ಕಡೆಗ್ ತಿರುಗುಸ್ತೀರಿ. ನಾನೂ ಮೊದ್ಮೊದ್ಲು ಅಂಗೇ ತಿರುಗುಸ್ತಿದ್ದೆ. ಬ್ಯಾರೆ ಸ್ಪೀಕರ್ ಎಷ್ಟ್ ತಂದ್ರೂ ಅಷ್ಟೇಯಾ.”

ನಕ್ಕೆ, ತಲೆಯಾಡಿಸಿದೆ. ಆ ನಗು ಮುಖದ ಮೇಲೆ ಬಂದದ್ದು ನನಗೇ ಗೊತ್ತಾಯಿತು. ಕಾರು ಹತ್ತಿ, ಒಂದೆರಡು ಕಿಲೋಮೀಟರು ಹೋದಮೇಲೆ ರಸ್ತೆ ಬದಿಗೆ ನಿಲ್ಲಿಸಿ, ಕನ್ನಡಿಯನ್ನು ಮುಖ ಕಾಣದ ಹಾಗೆ ಆಚೆ ತಿರುಗಿಸಿದೆ.

ಮನೆಗೆ ಬಂದು ಸ್ಪೀಕರು ಜೋಡಿಸಿದೆ. ಹಾಡು ಹಾಕಲಿಲ್ಲ. ಹತ್ತು ದಿನ ಹಾಕಲಿಲ್ಲ. ಗಿರಿಜ ಕೇಳಿದರೆ ವೈರು ಬೇಕು, ಪಿನ್ನು ಬೇಕು ಎನ್ನುತ್ತಿದ್ದೆ.

ಫೆಬ್ರವರಿಯ ಮೊದಲ ಭಾನುವಾರ ತಿಂಡಿಯಾದ ಮೇಲೆ ಅವಳೇ ಹೋಗಿ ರೆಕಾರ್ಡು ಹಾಕಿದಳು. ನಾನು ಅಭ್ಯಾಸಬಲದಿಂದ ಎದ್ದು ಬ್ಯಾಲೆನ್ಸ್ ಗುಂಡಿಯ ಮೇಲೆ ಕೈಯಿಟ್ಟೆ.

“ಬಿಡಿ ರೀ ಅದನ್ನ. ದಿನಾ ನೀವು ಎಡಕ್ಕೆ ತಿರುಗಿಸ್ತೀರಿ, ನೀವು ವಾಕಿಂಗ್ ಹೋದಾಗ ನಾನು ಸರಿ ಮಾಡ್ಕೊಂಡು ಕೇಳ್ತೀನಿ. ಮೃದಂಗ ತಲೆ ಮೇಲೆ ಬಡಿದಂಗ್ ಆಗುತ್ತೆ ನಂಗೆ.”

“ನೀನೇ ಹೇಳಿದ್ಯಲ್ಲ, ಎಡಗಡೇದು ಕಡಿಮೆ ಅಂತ?”

“ನೀವು ಹಾಗೆ ಕೇಳಿದ್ರಿ. ನಿಮ್ಮ ಮುಖ ನೋಡಿ ಇಲ್ಲ ಅನ್ನಕ್ಕೆ ಆಗ್ಲಿಲ್ಲ.”

ಅವಳು ಸೆರಗಿನಿಂದ ರೆಕಾರ್ಡ್ ಪ್ಲೇಯರಿನ ಮುಚ್ಚಳ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದಳು:

“ಊಟದ ಮೇಜಲ್ಲಿ ನಾನು ಯಾವ ಕಡೆ ಕೂರ್ತೀನಿ ಹೇಳಿ.”

“ಬಲಗಡೆ.”

“ಮೊದ್ಲು?”

ಮೊದಲು ಎಡಗಡೆ ಕೂರುತ್ತಿದ್ದಳು, ಅಡುಗೆಮನೆಯ ಬಾಗಿಲು ಅಲ್ಲಿಗೆ ಹತ್ತಿರ. ಬದಲಾಯಿಸಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಸಂಜೆ ಕೆರೆ ಕಡೆ ನಡೆಯುವಾಗಲೂ ಬಲಗಡೆ. ಬಸ್ಸಿನಲ್ಲಿ, ಮದುವೆಮನೆಯ ಕುರ್ಚಿಗಳಲ್ಲಿ, ಬ್ಯಾಂಕಿನ ಬೆಂಚಿನಲ್ಲಿ ಬಲಗಡೆ. ಸಭೆಯಲ್ಲಿ ಮುಖ್ಯ ಅತಿಥಿ ಯಾವ ಕೈಯಲ್ಲಿ ಲೋಟ ಹಿಡಿದಿದ್ದರು ಎಂದು ವರದಿಗಾರರನ್ನು ಕೇಳುತ್ತಿದ್ದವನು ನಾನು.

“ಯಾವಾಗಿಂದ?”

“ಎರಡು ವರ್ಷ ಆಯ್ತು ರೀ.”

“ಹೇಳಬಾರದಿತ್ತಾ?”

“ನೀವೇ ಹೇಳ್ತೀರಿ ಅಂತ ಕಾದೆ. ನೀವು ಸ್ಪೀಕರ್ ತರೋಕ್ ಶುರು ಮಾಡಿದ್ರಿ.”

ಅವಳು ಬೆತ್ತದ ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿ ಹಿಂದುಮುಂದು ಮಾಡಿ ಇಟ್ಟಳು. ಗುಂಡಿಯನ್ನು ನಡುವಿಗೆ ತಂದಳು. ನಾನು ಸ್ಪೀಕರುಗಳಿಗೆ ಬೆನ್ನು ಮಾಡಿ ಕೂತೆ. ಎದುರಿಗೆ ಗೋಡೆ, ಗೋಡೆಯ ಮೇಲೆ ಅಡುಗೆ ಅನಿಲದ ಏಜೆನ್ಸಿಯವರ ಕ್ಯಾಲೆಂಡರು. ಅವಳು ಸೂಜಿಯನ್ನು ಎತ್ತಿ ರೆಕಾರ್ಡಿನ ಮೊದಲಿಗೆ ಇಟ್ಟಳು. ಮೃದಂಗದವರು ಪಕ್ಕದ ಮನೆಯಿಂದ ಎದ್ದು ಬಂದು ನನ್ನ ಬಲ ಮೊಣಕೈ ಪಕ್ಕದಲ್ಲಿ ಕೂತರು. ಒಂದೊಂದು ಬೆರಳಿನ ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸಿತು, ನಾಲ್ಕು ತಿಂಗಳಲ್ಲಿ ಎಡಗಡೆಯ ಸ್ಪೀಕರು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅದೇ ಮೊದಲು. ಪಿಟೀಲು ದೂರ ಹೋಯಿತು.

ರೆಕಾರ್ಡಿನ ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಹಾಗೇ ಕೂತಿದ್ದೆ.

“ಏನು?” ಎಂದಳು ಗಿರಿಜ.

“ಸ್ಪೀಕರು ಸರಿಯಾಗಿದೆ” ಎಂದೆ.

ಮುಂದಿನ ವಾರ ಹಾಸನದಲ್ಲೇ ಕಿವಿ ಪರೀಕ್ಷೆಯಾಯಿತು. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದ ಕೂಡಲೇ ಒತ್ತಬೇಕು. ಬಲಗಿವಿಯದು ಸುಲಭವಾಗಿ ಮುಗಿಯಿತು. ಎಡಗಿವಿಯ ಸರದಿ ಬಂದಾಗ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಇಷ್ಟು ಹೊತ್ತಿಗೆ ಒಂದು ಬಂದಿರಬೇಕು ಎಂದು ಅಂದಾಜಿನ ಮೇಲೆ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆಗೆದು ನನ್ನ ಬಲಗಡೆಗೆ ಬಂದು ನಿಂತಳು.

“ಸರ್, ನಾನಿನ್ನೂ ಸೌಂಡೇ ಕೊಟ್ಟಿಲ್ಲ. ಕೇಳಿಸಿದ್ರೆ ಮಾತ್ರ ಒತ್ತಿ.”

ಗಾಜಿನಾಚೆ ಕೂತಿದ್ದ ಗಿರಿಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳು ಎಂದುಕೊಂಡಿದ್ದೇನೆ, ಖಚಿತವಿಲ್ಲ.

ವರದಿ ಒಂದು ಪುಟದ್ದು. ಬಲಗಿವಿ ವಯಸ್ಸಿಗೆ ತಕ್ಕಂತಿದೆ. ಎಡಗಿವಿಯ ನರ ದುರ್ಬಲವಾಗಿದೆ, ಅದು ಸರಿಹೋಗುವುದಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡರೆ ಎಷ್ಟು ಅನುಕೂಲವಾಗಬಹುದು ಎಂದು ಮುಂದಿನ ತಿಂಗಳು ನೋಡುತ್ತಾರೆ. ಪುಟ್ಟರಾಜುವಿನ ಜೋಡಿಯನ್ನು ವಾಪಸು ಕೊಟ್ಟಿದ್ದೇನೆ. ಸಾವಿತ್ರಮ್ಮನವರ ಜೋಡಿ ಅಂಚು ಬದಲಾಯಿಸಲು ಅವನ ಅಂಗಡಿಯಲ್ಲೇ ಇದೆ. ಮನೆಯಲ್ಲಿರುವುದು ಅರಕಲಗೂಡಿನದು. ಬ್ಯಾಲೆನ್ಸ್ ಗುಂಡಿ ನಡುವಿನಲ್ಲಿದೆ.

ಮೊನ್ನೆ ಶನಿವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಬೂತಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. ನಮ್ಮ ಮನೆಯಿಂದ ಮೂರನೇ ಮನೆಯ ಶಿವಲಿಂಗೇಗೌಡರು ಎಡಗಡೆಯಿಂದ ಬಂದು ಏನೋ ಹೇಳಿದರು. “ನನಗೆ ಎಡಗಿವಿ ಕೇಳಿಸಲ್ಲ ಗೌಡ್ರೇ, ಈ ಕಡೆ ಬಂದು ಹೇಳಿ” ಎಂದೆ. ಸಾಲಿನಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಗೌಡರು ಹಾಲಿನ ಕವರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಲಗಡೆಗೆ ಬಂದು ಮತ್ತೆ ಹೇಳಿದರು. ಸೋಮವಾರ, ಮಂಗಳವಾರ ನಮ್ಮ ಬೀದಿಗೆ ನೀರು ಬಿಡುವುದಿಲ್ಲ.